ಗಾಲರ ಹೊನ್ನು: ರೋಮಿನ ಆದಿ ಚರಿತ್ರಕಾರರನ್ನು ಕುರಿತು ಒಂದು ವಿಚಾರ

ರೋಮನ್ ಗಣರಾಜ್ಯದ ಮೊದಲ ಶತಮಾನಗಳ ವೃತ್ತಾಂತವು ನಮಗೆ ಮುಖ್ಯವಾಗಿ ಲಿವಿಯ ಗ್ರಂಥದಿಂದ ತಿಳಿದುಬರುತ್ತದೆ. ಆತನು ಚಕ್ರವರ್ತಿ ಆಗಸ್ಟಸನ ಕಾಲದವನು. ಆದುದರಿಂದ ಆತನು ಹೇಳುವ ಸಂಗತಿಗಳು ಯಾರ ಕೈಯಲ್ಲಿ ಯಾವ ರೂಪವನ್ನು ತಾಳಿ ಆತನವರೆಗೆ ಬಂದುವೆಂಬುದನ್ನು ವಿಚಾರಮಾಡುವುದು ಅವಶ್ಯಕ. ಇದಕ್ಕೆ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸೋಣ.

ರೋಮನರ ಗಣನೆಯಂತೆ ಕ್ರಿ. ಪೂ. 390ರಲ್ಲಿ ಗಾಲರು ರೋಮ್ ನಗರವನ್ನು ಹಿಡಿದರು. ಕ್ಯಾಪಿಟಲ್ ಗುಡ್ಡದಲ್ಲಿ ಮುತ್ತಿಗೆಗೆ ಸಿಕ್ಕಿದ್ದವರು ಹಸಿವಿನಿಂದ ಸೋತು, 1,000 ಪೌಂಡು ಚಿನ್ನವನ್ನು ಕೊಡಲೊಪ್ಪಿದರೆಂದೂ, ಚಿನ್ನವನ್ನು ತೂಗುತ್ತಿರುವಾಗಲೇ ಕಮಿಲ್ಲಸನು ಬಂದು ತೂಕವನ್ನು ತಡೆದು ಶತ್ರುಗಳನ್ನು ಸೋಲಿಸಿದನೆಂದೂ ಲಿವಿಯು ಹೇಳುತ್ತಾನೆ. ಆದರೆ ಆತನಿಗಿಂತ ಒಂದು ಶತಮಾನಕ್ಕೂ ಹಿಂದೆ ಬರೆದ ಪಾಲಿಬಿಯಸನು ಹೇಳುವುದೇ ಬೇರೆ. ವೆನೆಟಿ ಜನರು ತಮ್ಮ ನಾಡಿಗೆ ನುಗ್ಗಿದುದರಿಂದ ಗಾಲರು ಒಪ್ಪಂದ ಮಾಡಿಕೊಂಡು, ಕೊಳ್ಳೆಯೊಡನೆ ಕ್ಷೇಮವಾಗಿ ಹಿಂದಿರುಗಿದರಂತೆ. ಅಲ್ಲಿ ಕಮಿಲ್ಲಸನ ಹೆಸರೇ ಇಲ್ಲ. ಗಾಲರಿಂದ ಕೊಳ್ಳೆಯನ್ನು ಕಿತ್ತುಕೊಂಡವರು ಕೇರೆ ಪಟ್ಟಣದವರೆಂದು ಸ್ಟ್ರೇಬೋ ಬರೆದಿದ್ದಾನೆ. ಆ ಚಿನ್ನವನ್ನು ಬಹುಕಾಲದ ಮೇಲೆ ಗಾಲ್ ದೇಶದಿಂದ ಮರಳಿ ತಂದವನು ಡ್ರೂಸಸ್ ಮನೆತನದ ಪೂರ್ವಿಕನು, ಕಮಿಲ್ಲಸನಲ್ಲ ಎಂಬ ಐತಿಹ್ಯವನ್ನು ಸ್ಯೂಟೋನಿಯಸನು ಕೊಡುತ್ತಾನೆ. ಇವೆಲ್ಲಕ್ಕೂ ಹಿಂದಿನವನಾದ ಅರಿಸ್ಟಾಟಲನು ನಗರವನ್ನು ಉಳಿಸಿದವನು ಲೂಸಿಯಸನೆಂದು ಬರೆದಿದ್ದನೆಂದು ಪ್ಲುಟಾರ್ಕನಿಂದ ತಿಳಿದುಬರುತ್ತದೆ, ಕಮಿಲ್ಲಸನಾದರೋ ಮಾರ್ಕಸನು.

ಒಂದೇ ಚಿನ್ನಕ್ಕೆ ಇಷ್ಟು ಮಂದಿ ಹಕ್ಕುದಾರರಾದುದು ಹೇಗೆ? ರೋಮನರಲ್ಲಿ ಮೊದಲ ಚರಿತ್ರಕಾರನು ಫೇಬಿಯಸ್ ಪಿಕ್ಟರ್. ಆತನು ಸೆನೆಟಿನ ಸದಸ್ಯನು, ಕ್ರಿ. ಪೂ. 216ರಲ್ಲಿ, ಕ್ಯಾನೀ ಯುದ್ಧದ ತರುವಾಯ, ಡೆಲ್ಫಿಗೆ ದೂತನಾಗಿ ಹೋದವನು. ಬರೆದುದು ಗ್ರೀಕ್ ಭಾಷೆಯಲ್ಲಿ. ಗಾಲರ ದಾಳಿಗೂ ಆತನಿಗೂ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚು ಅಂತರವುಂಟು. ಹಳೆಯ ದಾಖಲೆಗಳಲ್ಲಿ ಬಹುಭಾಗವು ನಗರದ ಉರಿಯಲ್ಲಿಯೇ ನಾಶವಾಯಿತೆಂದು ಲಿವಿಯೇ ಒಪ್ಪುತ್ತಾನೆ. ಉಳಿದ ಆಧಾರಗಳಲ್ಲಿ ದೊಡ್ಡ ಮನೆತನಗಳ ಶವಸಂಸ್ಕಾರದ ಪ್ರಶಂಸಾಭಾಷಣಗಳು ಮುಖ್ಯವಾದುವು. ಇವುಗಳಿಂದ ಚರಿತ್ರೆಯು ಕೆಟ್ಟಿತೆಂದು, ನಡೆಯದ ವಿಜಯೋತ್ಸವಗಳೂ ಇಲ್ಲದ ಅಧಿಕಾರಗಳೂ ಅವುಗಳಲ್ಲಿ ಸೇರಿದುವೆಂದು ಸಿಸಿರೋ ಆಕ್ಷೇಪಿಸಿದ್ದಾನೆ. ಲಿಸಿನಿಯಸ್ ಮೇಸರನು ತನ್ನ ವಂಶವನ್ನು ಹೊಗಳುವುದರಿಂದ ಆತನ ಮಾತಿಗೆ ತೂಕ ಕಡಿಮೆಯೆಂದು ಲಿವಿಯೂ ಹೇಳುತ್ತಾನೆ. ಲ್ಯಾಟಿನ್ ಗದ್ಯದಲ್ಲಿ ಮೊದಲು ಚರಿತ್ರೆಯನ್ನು ಬರೆದ ಕೇಟೋ ಯುದ್ಧಗಳನ್ನು ವರ್ಣಿಸುವಾಗ ಸೇನಾಪತಿಗಳ ಹೆಸರುಗಳನ್ನೇ ಬಿಟ್ಟುದು ಈ ಕುಲಾಭಿಮಾನಕ್ಕೆ ಪ್ರತಿಯಾಗಿಯೇ ಇರಬೇಕು.

ಪಾಲಿಬಿಯಸನು ಫೇಬಿಯಸನ ಗ್ರಂಥವನ್ನು ಬಲ್ಲವನು; ಆತನ ಸ್ವದೇಶಪಕ್ಷಪಾತವನ್ನು ಟೀಕಿಸಿದವನೂ ಹೌದು. ಕಮಿಲ್ಲಸನ ವಿಜಯವು ಫೇಬಿಯಸನಲ್ಲಿ ಇದ್ದಿದ್ದರೆ ಪಾಲಿಬಿಯಸನು ಅದನ್ನು ಒಪ್ಪದಿದ್ದರೂ ಖಂಡಿಸದೆ ಬಿಡುತ್ತಿರಲಿಲ್ಲ. ಆದುದರಿಂದ ಈ ಕಥಾಭಾಗವು ಫೇಬಿಯಸನಿಂದೀಚೆಗೆ ಬೆಳೆದುದೆಂದು ಊಹಿಸಬಹುದು.

ಹೀಗೆಂದಮಾತ್ರಕ್ಕೆ ಲಿವಿಯ ಗ್ರಂಥವು ತ್ಯಾಜ್ಯವಾಗುವುದಿಲ್ಲ. ನಗರವು ಶತ್ರುವಶವಾದುದು ನಿಜ. ಗ್ರೀಕರೂ ಅದನ್ನು ಬಹುಬೇಗನೆ ಕೇಳಿದ್ದರು. ಹೊನ್ನು ಕೊಟ್ಟು ಬಿಡುಗಡೆ ಪಡೆದ ಅವಮಾನವನ್ನು ಒಂದೊಂದು ಪೀಳಿಗೆಯೂ ತೊಡೆಯಲೆಳಸಿತು. ಒಂದೊಂದು ಮನೆತನವೂ ಆ ಕೀರ್ತಿಯನ್ನು ತನ್ನದಾಗಿಸಿಕೊಳ್ಳಬಯಸಿತು. ಇಂಥ ಐತಿಹ್ಯವನ್ನು ಓದುವಾಗ ಅದು ನಡೆಯಿತೇ ಎಂಬುದರೊಡನೆ, ಅದರಿಂದ ಯಾರ ಮಾನ ಉಳಿಯಿತೆಂಬುದನ್ನೂ ಕೇಳಬೇಕು. ಮೊದಲನೆಯದಕ್ಕೆ ಉತ್ತರ ದೊರೆಯದಲ್ಲಿಯೂ ಎರಡನೆಯದಕ್ಕೆ ದೊರೆಯುವ ಉತ್ತರವು ಚರಿತ್ರೆಯೇ.