ರೆಬೆಲೆಟ್ಸ್ ಯಾರು?

ಗಿಟಾರ್ ವಾದಕ ಡುವೇನ್ ಎಡ್ಡಿಯ 1962ರ ‘ಡಾನ್ಸ್ ವಿತ್ ದ ಗಿಟಾರ್ ಮ್ಯಾನ್’ನಲ್ಲಿ ಹಾಡು ಹೇಳುವವರು ಹೆಂಗಸರು. ಮರುವರ್ಷದ ‘ಯುವರ್ ಬೇಬೀಸ್ ಗಾನ್ ಸರ್ಫಿನ್’ನಲ್ಲೂ ಅಷ್ಟೇ. ಅವರಿಗಿಟ್ಟ ಹೆಸರು ‘ರೆಬೆಲೆಟ್ಸ್’. ಈ ತಂಡವನ್ನು ಹುಡುಕಿಕೊಂಡು ಹೊರಟವರಿಗೆ ಸ್ಟುಡಿಯೋದ ಆಚೆ ಅದರ ಸುಳಿವೇ ಸಿಗುವುದಿಲ್ಲ.

ಅಂದಿನ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಡ್ರಮ್ ಬಾರಿಸಿದವರು ಯಾರೆಂದು ತಿಳಿಯುವುದು ಇಷ್ಟು ಕಷ್ಟವಲ್ಲ. ವಾದಕರ ಸಂಘ ‘ಲೋಕಲ್ 47’ಕ್ಕೆ ಪ್ರತಿ ಧ್ವನಿಮುದ್ರಣದ ಕರಾರುಪತ್ರ ಹೋಗುತ್ತಿತ್ತು: ಯಾರು ಬಂದರು, ಎಷ್ಟು ಹೊತ್ತು ನುಡಿಸಿದರು, ಕೂಲಿ ಎಷ್ಟು. ಡ್ರಮ್ ವಾದಕ ಹ್ಯಾಲ್ ಬ್ಲೇನ್, ಬೇಸ್ ಗಿಟಾರ್ ವಾದಕಿ ಕ್ಯಾರಲ್ ಕೇ ಅವರಂಥವರ ಹೆಸರು ಇಂದು ಬೆಳಕಿಗೆ ಬಂದಿರುವುದರಲ್ಲಿ ಆ ಹಾಳೆಗಳ ಪಾಲು ದೊಡ್ಡದು. ಆಗ ಗಾಯಕರ ಸಂಘವೇ ಬೇರೆಯಿತ್ತು, ‘ಆಫ್ಟ್ರಾ’. ಹಾಗಾಗಿ ವಾದಕರ ಹಾಳೆಯಲ್ಲಿ ಕಂಠಗಳ ಲೆಕ್ಕ ಸಿಗದು. ಅದನ್ನೇ ಪೂರ್ತಿ ದಾಖಲೆ ಎಂದು ನಂಬಿದರೆ, ಅರ್ಧ ಹಾಡು ತಾನಾಗಿಯೇ ಹುಟ್ಟಿತೆಂದು ಒಪ್ಪಿಕೊಂಡಂತೆ.

ಹೆಸರು ಮರೆಯಾಗಲು ರೆಕಾರ್ಡು ಕಂಪನಿಗಳ ಕರಾರೂ ಕಾರಣವಾಗುತ್ತಿತ್ತು. 1963ರ ಜುಲೈನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಜಾನ್ ಅಂಡ್ ಡೀನ್ ಜೋಡಿಯ ‘ಸರ್ಫ್ ಸಿಟಿ’ಯಲ್ಲಿ ಬ್ರಯನ್ ವಿಲ್ಸನ್ ದನಿಯಿದೆ. ಆತ ಕ್ಯಾಪಿಟಲ್ ಕಂಪನಿಯ ಕರಾರಿನಲ್ಲಿದ್ದ ಗಾಯಕ, ರೆಕಾರ್ಡು ಲಿಬರ್ಟಿ ಕಂಪನಿಯದು. ಅದೇ ಜೋಡಿಯ ‘ದ ಲಿಟ್ಲ್ ಓಲ್ಡ್ ಲೇಡಿ ಫ್ರಮ್ ಪ್ಯಾಸಡೀನಾ’ದಲ್ಲಿ (1964) ಮೇಲುಸ್ಥಾಯಿಯ ದನಿ ಡೀನ್‌ನದಲ್ಲ, ಪಿ. ಎಫ್. ಸ್ಲೋನ್‌ನದು.

ವಿಲ್ಸನ್, ಸ್ಲೋನ್ ಇಬ್ಬರೂ ಮುಂದೆ ತಮ್ಮ ಹೆಸರಿನಲ್ಲೇ ಪ್ರಸಿದ್ಧರಾದರು. ನನ್ನನ್ನು ಹೆಚ್ಚು ಕಾಡುವುದು ರೆಬೆಲೆಟ್ಸ್. ಅವರು ಬೇರಾರೂ ಅಲ್ಲ, ‘ಬ್ಲಾಸಮ್ಸ್’: ಡಾರ್ಲೀನ್ ಲವ್, ಫನೀಟಾ ಜೇಮ್ಸ್, ಜೀನ್ ಕಿಂಗ್. 1962ರಲ್ಲಿ ಡಾರ್ಲೀನ್ ಮುಖ್ಯ ಗಾಯಕಿಯಾಗಿ ಈ ತಂಡ ಹಾಡಿದ ‘ಹೀಸ್ ಎ ರೆಬೆಲ್’ ಹಾಡನ್ನು ನಿರ್ಮಾಪಕ ಫಿಲ್ ಸ್ಪೆಕ್ಟರ್ ‘ಕ್ರಿಸ್ಟಲ್ಸ್’ ಎಂಬ ಬೇರೊಂದು ತಂಡದ ಹೆಸರಿನಲ್ಲಿ ಬಿಟ್ಟ. ಅದು ಮೊದಲ ಸ್ಥಾನಕ್ಕೆ ಹೋಯಿತು. ಗಿಟಾರ್ ವಾದಕ ಡಿಕ್ ಡೇಲ್‌ನ ‘ಕಿಂಗ್ ಆಫ್ ದ ಸರ್ಫ್ ಗಿಟಾರ್’ (1963) ಕೇಳಿ. ಆತನನ್ನು ರಾಜನೆಂದು ಕೊಂಡಾಡುವ ದನಿಗಳೂ ಇವರವೇ. ಗಿಟಾರ್ ಸುಮ್ಮನಾದ ಕಡೆಯೆಲ್ಲ ಅವು ಮುಂದೆ ಬರುತ್ತವೆ. ಅವನ್ನು ತೆಗೆದುಬಿಟ್ಟರೆ ಆ ಹಾಡಿನಲ್ಲಿ ಬಿರುದು ಕೊಡುವವರೇ ಇರುವುದಿಲ್ಲ.

ಬ್ಲಾಸಮ್ಸ್ ತಂಡದ ಮೂವರೂ ಕಪ್ಪು ಹೆಣ್ಣುಮಕ್ಕಳು. ಸರ್ಫ್ (ಅಲೆಸವಾರಿ) ಸಂಗೀತದ ರೆಕಾರ್ಡುಗಳ ಹೊದಿಕೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಬಿಳಿಯ ತರುಣ ತರುಣಿಯರ ಕಡಲತೀರ. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಾಗದು.

ಕಾಗದ ಕೈಕೊಟ್ಟಲ್ಲಿ ಕಿವಿಯೇ ಗತಿ. 1964ರಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾದ ‘ಶಿಂಡಿಗ್!’ ಕಾರ್ಯಕ್ರಮದಲ್ಲಿ ಬ್ಲಾಸಮ್ಸ್ ಖಾಯಂ ಗಾಯಕಿಯರು. ಅಲ್ಲಿ ಮುಖವೂ ಕಾಣುತ್ತದೆ, ದನಿಯೂ ಕೇಳುತ್ತದೆ. ಆ ತುಣುಕುಗಳನ್ನು ನೋಡಿ, ಡಾರ್ಲೀನ್ ದನಿಯ ಒತ್ತು, ಏರಿಳಿತವನ್ನು ಕಿವಿಯಲ್ಲಿ ತುಂಬಿಕೊಂಡು ಎಡ್ಡಿಯ ರೆಕಾರ್ಡಿಗೆ ಮರಳಬೇಕು. ‘ರೆಬೆಲೆಟ್ಸ್’ ಎಂದು ಬರೆದಿರುವ ಕಡೆಯಲ್ಲೆಲ್ಲ ಆ ಮೂವರ ಹೆಸರು ಸೇರಿಸುವ ಕೆಲಸ ಅಲ್ಲಿಂದ ಶುರು.