‘ಬಿಡು’ ಧಾತುವಿನ ಅರ್ಥವಿಚಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಆಡುಮಾತಿನಲ್ಲಿ ‘ಬಿಡು’ ಧಾತುವು ಅನೇಕಾರ್ಥಕವಾಗಿದೆ: ತೋಟಕ್ಕೆ ನೀರು ಬಿಡುವುದು, ಮರವು ಹಣ್ಣು ಬಿಡುವುದು, ದಂಡು ಬೀಡು ಬಿಡುವುದು, ಜನರು ಊರು ಬಿಡುವುದು.

ರೈಸ್ ಮಹಾಶಯರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟವಾಗಿ ಪ್ರಕಟಿಸಿದ ಈ ಸೀಮೆಯ ಶಾಸನಗಳನ್ನೋದುವವರು, ‘ಭೂಮಿಯನ್ನು ಬಿಟ್ಟರು’ ಎಂಬುದಕ್ಕೆ ‘ತೊರೆದರು’ ಎಂದು ಅರ್ಥಮಾಡಿದರೆ ಚರಿತ್ರೆಯೇ ವಿಪರೀತವಾದೀತು. ‘ದೇವರಿಗೆ ಬಿಟ್ಟರು’ ಎಂಬಲ್ಲಿ ಚತುರ್ಥೀವಿಭಕ್ತಿಯ ಬಲದಿಂದ ದಾನಾರ್ಥವು ಸಿದ್ಧಿಸುತ್ತದೆ. ದಾನಿಯು ತನ್ನ ಸ್ವತ್ವವನ್ನು ಕಳೆದು ಪರಸ್ವತ್ವವನ್ನುಂಟುಮಾಡುತ್ತಾನೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನಿಮಿತ್ತ ಶರಾವತೀತೀರದ ಒಕ್ಕಲಿನವರೂ ಭೂಮಿಯನ್ನು ‘ಬಿಟ್ಟರು’. ಅಲ್ಲಿ ಚತುರ್ಥಿಯಿಲ್ಲ, ಅದು ದಾನವಲ್ಲ, ವಿಯೋಗ. ಧಾತುವೊಂದೇ ಆದರೂ ಅರ್ಥವು ಬೇರೆ. ಮುಂದಿನ ಚರಿತ್ರಕಾರರು ಈ ಎರಡನ್ನು ಒಂದಾಗಿ ಎಣಿಸಬಾರದು.