ಜನ್ಮಜಾತ ಹೃದ್ರೋಗ: ವಂಶವಾಹಿಗಳ ಪಾತ್ರವೇನು?

ಗರ್ಭದಲ್ಲಿರುವಾಗಲೇ ಶಿಶುವಿನ ಹೃದಯದ ರಚನೆಯಲ್ಲಿ ಉಂಟಾಗುವ ದೋಷವೇ ಜನ್ಮಜಾತ ಹೃದ್ರೋಗ. ಹುಟ್ಟುವ ನೂರು ಶಿಶುಗಳಲ್ಲಿ ಸುಮಾರು ಒಂದರಲ್ಲಿ ಇದು ಕಂಡುಬರುತ್ತದೆ. ಗ್ರಹಣ ನೋಡಿದ್ದು, ಪಥ್ಯ ತಪ್ಪಿದ್ದು ಎಂದು ತಾಯಿಯನ್ನೇ ದೂರುವ ರೂಢಿ ನಮ್ಮಲ್ಲಿದೆ. ವೈದ್ಯವಿಜ್ಞಾನ ಹೇಳುವುದು ಬೇರೆಯೇ.

ವರ್ಣತಂತುಗಳ ದೋಷ

21ನೇ ವರ್ಣತಂತು ಒಂದು ಹೆಚ್ಚಾಗಿರುವ ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆಯಿರುತ್ತದೆ. 22ನೇ ವರ್ಣತಂತುವಿನ ಸಣ್ಣ ತುಣುಕೊಂದು ಇಲ್ಲವಾದರೆ, ಮಗುವಿನ ಮೈ ನೀಲಿಗಟ್ಟುವ 'ಟೆಟ್ರಾಲಜಿ ಆಫ್ ಫ್ಯಾಲೊ'ದಂತಹ ದೋಷಗಳು ಬರಬಹುದು. ಇಂತಹ ಪ್ರಕರಣಗಳಲ್ಲಿ ಸುಮಾರು ಶೇ. 90ರಷ್ಟು ತಂದೆತಾಯಿಯಿಂದ ಬಂದವಲ್ಲ, ಹೊಸದಾಗಿ ಉಂಟಾದವು.

ಒಂದೇ ವಂಶವಾಹಿಯ ದೋಷ

ಕೈ ಹಾಗೂ ಹೆಬ್ಬೆರಳಿನ ವಿಕಲತೆಯ ಜೊತೆಗೆ ಹೃದಯದ ಗೋಡೆಯಲ್ಲಿ ರಂಧ್ರವಿರುವ ಹೋಲ್ಟ್-ಓರಮ್ ಸಿಂಡ್ರೋಮ್‌ಗೆ ಟಿಬಿಎಕ್ಸ್5 ವಂಶವಾಹಿ ಕಾರಣವೆಂದು 1997ರಲ್ಲಿ ಪತ್ತೆಯಾಯಿತು. ತಂದೆ ಅಥವಾ ತಾಯಿಗೆ ಇದಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50. ಆದರೆ ಇಂತಹ ನೇರ ಕಾರಣ ಸಿಗುವುದು ಕೆಲವೇ ಮಕ್ಕಳಲ್ಲಿ. ಉಳಿದ ಬಹುತೇಕರಲ್ಲಿ ಅನೇಕ ವಂಶವಾಹಿಗಳು ಹಾಗೂ ಗರ್ಭಿಣಿಯ ಮಧುಮೇಹ, ರುಬೆಲ್ಲಾ ಸೋಂಕಿನಂತಹ ಅಂಶಗಳು ಕೂಡಿ ಕೆಲಸ ಮಾಡುತ್ತವೆ.

ರಕ್ತಸಂಬಂಧದ ವಿವಾಹ

ಕರ್ನಾಟಕದಲ್ಲಿ ಸೋದರಮಾವನನ್ನು, ಅತ್ತೆ ಅಥವಾ ಮಾವನ ಮಗನನ್ನು ವರಿಸುವ ಪದ್ಧತಿ ಇಂದಿಗೂ ಇದೆ. ಸೋದರಮಾವ-ಸೊಸೆಯರಲ್ಲಿ ನಾಲ್ಕನೇ ಒಂದು ಭಾಗ, ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು ಭಾಗ ವಂಶವಾಹಿಗಳು ಸಮಾನವಾಗಿರುತ್ತವೆ. ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಒಂದುಗೂಡುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ಹಾಗೆಂದು ಇಂತಹ ದಂಪತಿಗಳ ಮಕ್ಕಳಿಗೆಲ್ಲ ಹೃದ್ರೋಗ ಬರುತ್ತದೆಂದಲ್ಲ. ಬಹುಪಾಲು ಮಕ್ಕಳ ಹೃದಯ ಸರಿಯಾಗಿಯೇ ಇರುತ್ತದೆ.

ಮುಂದಿನ ಮಗುವಿನ ಚಿಂತೆ

ಒಂದು ಮಗುವಿಗೆ ದೋಷವಿದ್ದು, ನಿರ್ದಿಷ್ಟ ಆನುವಂಶಿಕ ಕಾರಣ ಕಾಣದಿದ್ದರೆ, ಮುಂದಿನ ಮಗುವಿಗೂ ಅದು ಬರುವ ಸಂಭವ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಮಾತ್ರ. ತಾಯಿಗೇ ಜನ್ಮಜಾತ ಹೃದ್ರೋಗವಿದ್ದರೆ ಈ ಪ್ರಮಾಣ ತುಸು ಹೆಚ್ಚು. ಆದ್ದರಿಂದ ಕುಟುಂಬದಲ್ಲಿ ಇಂತಹ ಇತಿಹಾಸವಿರುವವರು ಗರ್ಭಧಾರಣೆಗೆ ಮೊದಲೇ ಆನುವಂಶಿಕ ಸಲಹೆ ಪಡೆಯುವುದು ಒಳಿತು. ಗರ್ಭಧಾರಣೆಯ 18ರಿಂದ 22 ವಾರಗಳ ನಡುವೆ ಭ್ರೂಣದ ಎಕೋ ಪರೀಕ್ಷೆ ಮಾಡಿಸಿದರೆ ಗಂಭೀರ ದೋಷಗಳಲ್ಲಿ ಹೆಚ್ಚಿನವು ತಿಳಿಯುತ್ತವೆ. ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಸಿದ್ಧತೆ ಮಾಡಿಕೊಳ್ಳಬಹುದು. ತಾಯಿಯನ್ನು ದೂರುವುದರಿಂದ ಮಗುವಿಗೆ ಪ್ರಯೋಜನವಿಲ್ಲ. ಸಕಾಲದ ಪರೀಕ್ಷೆಯಿಂದ ಇದೆ.